ಮಳೇಲಿ ನೆನೆಯುವ ಕುದುರೆಗೆ ರಗ್ ಹಾಕಬೇಕಾ?

ಈ ಪುಟಕ್ಕೆ ಸಾಮಾನ್ಯವಾಗಿ ನಾಯಿ, ಬೆಕ್ಕು, ಹಸುವಿನ ಪ್ರಶ್ನೆಗಳೇ ಬರುತ್ತವೆ. ಈ ಸಲ ಕುದುರೆ ಸಾಕಿದವರದೇ ಜಾಸ್ತಿ. ಎಲ್ಲರ ತಲೆಯಲ್ಲೂ ಓಡುತ್ತಿರುವುದು ಮಳೆ, ಚಳಿ, ರಗ್ (ಕುದುರೆಯ ಮೈಗೆ ಹೊದಿಸಿ ಪಟ್ಟಿಯಿಂದ ಕಟ್ಟುವ ಹೊದಿಕೆ). ಹಾಗಾಗಿ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಈ ಬಾರಿ ಇವನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ಬೆಂಗಳೂರಿನಲ್ಲಿ ರೇಸ್ ಓಡುತ್ತಿದ್ದ ಥರೋಬ್ರೆಡ್ ಹೆಣ್ಣು ಕುದುರೆಯೊಂದನ್ನು ಈ ಬೇಸಿಗೆಯಲ್ಲಿ ತಂದಿದ್ದೇವೆ. ವಯಸ್ಸು ಹದಿನೆಂಟು, ಸ್ವಲ್ಪ ಸಣಕಲು. ಮಳೆ ಹಿಡಿದ ಮೇಲೆ ಹೊರಗೇ ನಿಂತು ನೆನೆಯುತ್ತಾಳೆ, ಶೆಡ್ ಇದ್ದರೂ ಒಳಗೆ ಹೋಗಲ್ಲ. ಇಂಗ್ಲೆಂಡಿನವರ ವಿಡಿಯೊ ನೋಡಿದರೆ 10 ಡಿಗ್ರಿ ಮೇಲಿದ್ದರೆ ರಗ್ ಬೇಡ ಅಂತಾರೆ. ನಮ್ಮಲ್ಲಿ 18 ಇದೆ. ಆದರೂ ಮೊನ್ನೆ ನಡುಗುತ್ತಿದ್ದಳು. ರಗ್ ತರಿಸಲಾ ಡಾಕ್ಟ್ರೇ?

ತರಿಸಿ. ಒಳಗೆ ಹತ್ತಿ ಗಿತ್ತಿ ತುಂಬಿರದ, ಬರೀ ಮಳೆ ತಡೆಯುವ ತೆಳು ರಗ್ ಸಾಕು. ಆದರೆ ಅದು ಮೂರನೇ ಕೆಲಸ. ಮೊದಲು ಸೂರು, ಆಮೇಲೆ ಹುಲ್ಲು, ಆಮೇಲೆ ರಗ್.

ಆ ವಿಡಿಯೊ ಲೆಕ್ಕ ನಿಮಗೆ ಯಾಕೆ ಹೊಂದಲ್ಲ ಅಂತ ಹೇಳುತ್ತೇನೆ. ಕುದುರೆಯ ಮೈಕೂದಲು ಉದ್ದ ಆಗುವುದು, ಉದುರುವುದು ಮುಖ್ಯವಾಗಿ ಹಗಲಿನ ಉದ್ದ ನೋಡಿಕೊಂಡು. ಚಳಿಯ ಪಾತ್ರ ಆಮೇಲೆ. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆ ದಾಟುತ್ತದೆ, ಡಿಸೆಂಬರಿನಲ್ಲಿ ಎಂಟು ಗಂಟೆಯೂ ಇರುವುದಿಲ್ಲ. ಹಗಲು ಕುಗ್ಗುತ್ತಾ ಬಂದಂತೆ ಅಲ್ಲಿನ ಕುದುರೆಗೆ ದಟ್ಟ ಕೂದಲು ಬೆಳೆಯುತ್ತದೆ. ಅಲ್ಲಿನ ಚಳಿಮಳೆ ಸುರಿಯುವ ಹೊತ್ತಿಗೆ ಅದು ಸ್ವೆಟರ್ ಹಾಕಿಕೊಂಡೇ ನಿಂತಿರುತ್ತದೆ. ನಮ್ಮಲ್ಲಿ ಉಲ್ಟಾ. ದೊಡ್ಡ ಮಳೆ ಬರುವುದೇ ಜೂನ್, ಜುಲೈನಲ್ಲಿ, ಹಗಲು ಅತಿ ಉದ್ದ ಇರುವಾಗ, ಅಂದರೆ ಕುದುರೆ ಬೇಸಿಗೆಯ ಗಿಡ್ಡ ಕೂದಲಲ್ಲಿರುವಾಗ. ಜೊತೆಗೆ ನಮ್ಮ ಕಡೆ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ವ್ಯತ್ಯಾಸ ಹೆಚ್ಚು ಕಡಿಮೆ ಒಂದೂವರೆ ಗಂಟೆ ಅಷ್ಟೆ, ಹಾಗಾಗಿ ಚಳಿಗಾಲದಲ್ಲೂ ಅಂಥ ದಪ್ಪ ಕೂದಲು ಬರಲ್ಲ. ನಿಮ್ಮವಳು ಬೇರೆ ಥರೋಬ್ರೆಡ್, ತಳಿಯಿಂದಲೇ ತೆಳು ಚರ್ಮ, ತೆಳು ಕೂದಲು.

ಒಣಗಿದ ಮೈಯ, ಚೆನ್ನಾಗಿ ತಿಂದುಂಡ ಕುದುರೆಗೆ ಸುಮಾರು 5ರಿಂದ 25 ಡಿಗ್ರಿವರೆಗೆ ಯಾವ ಕಷ್ಟವೂ ಇಲ್ಲ. ಕೆನಡಾದ ಚಳಿಗೆ ಒಗ್ಗಿದ ಕುದುರೆಗಳು ಸೊನ್ನೆಗಿಂತ 15 ಡಿಗ್ರಿ ಕೆಳಗೂ ಆರಾಮಾಗಿರುತ್ತವೆ. ಇದೆಲ್ಲ ಒಣ ಮೈಯ ಲೆಕ್ಕ ಅನ್ನುವುದು ಮರೆಯಬೇಡಿ. ಕುದುರೆ ಕೂದಲನ್ನು ನಿಮಿರಿಸಿ ಅದರ ನಡುವೆ ಗಾಳಿ ಹಿಡಿದಿಟ್ಟುಕೊಂಡು ಬೆಚ್ಚಗಿರುತ್ತದೆ. ಜಡಿಮಳೆ ಆ ಕೂದಲನ್ನು ಚರ್ಮಕ್ಕೆ ಅಂಟಿಸಿಬಿಟ್ಟರೆ ಆ ಗಾಳಿಯ ಪದರ ಹೋಯಿತು. ಅದರ ಮೇಲೆ ಘಾಟಿ ಕಡೆಯ ಗಾಳಿ ಬೀಸಿದರೆ 18 ಡಿಗ್ರಿಯಲ್ಲೂ ವಯಸ್ಸಾದ, ಸಣಕಲು ಕುದುರೆ ನಡುಗುತ್ತದೆ. ಒಂದು ಸಲ ನಡುಗಿದ ಮಾತ್ರಕ್ಕೆ ಗಾಬರಿ ಬೇಡ, ಅದೂ ಮೈ ಬಿಸಿ ಮಾಡಿಕೊಳ್ಳುವ ದಾರಿಯೇ. ದಿನಾ ನಡುಗಿದರೆ ಮಾತ್ರ ತಿಂದದ್ದೆಲ್ಲ ಅದಕ್ಕೇ ಖರ್ಚಾಗಿ ಇನ್ನಷ್ಟು ಸೊರಗುತ್ತಾಳೆ.

ಈಗ ಶೆಡ್ಡಿನ ವಿಷಯ. ಒಳಗೆ ಹೋಗಲ್ಲ ಅಂದರೆ ಶೆಡ್ಡಿನಲ್ಲೇ ಏನೋ ಸರಿಯಿಲ್ಲ ಅಂತ ಲೆಕ್ಕ. ಒಳಗೆ ಕತ್ತಲೆಯಾ? ತಗಡಿನ ಮೇಲೆ ಮಳೆ ಬೀಳುವ ಸದ್ದು ಜೋರಾ? ನೆಲ ಜಾರುತ್ತಾ? ಬಾಗಿಲ ಹತ್ತಿರ ಕೆಸರು ಗುಂಡಿ ಇದೆಯಾ? ಒಂಟಿಯಾಗಿದ್ದಾಳಾ? ಮೂರು ಕಡೆ ಗೋಡೆ, ಒಂದು ಕಡೆ ಪೂರ್ತಿ ತೆರೆದ ಎತ್ತರದ ಶೆಡ್ ಕುದುರೆಗೆ ಇಷ್ಟ, ಯಾಕೆಂದರೆ ಓಡಿಹೋಗಲು ದಾರಿ ಕಾಣಬೇಕು ಅದಕ್ಕೆ. ನಿಮ್ಮ ಕಡೆ ಮಳೆಗಾಳಿ ಪಶ್ಚಿಮ, ನೈಋತ್ಯದಿಂದ ಬರುತ್ತದೆ, ಹಾಗಾಗಿ ತೆರೆದ ಬದಿ ಪೂರ್ವಕ್ಕಿರಲಿ. ನೆಲಕ್ಕೆ ಜಲ್ಲಿ ಹಾಕಿ ಎತ್ತರಿಸಿ. ತೋಟದಲ್ಲಿ ಸಿಗುತ್ತದೆ ಅಂತ ಕಾಫಿ ಸಿಪ್ಪೆ ಹಾಸಬೇಡಿ, ಅದರಲ್ಲಿ ಕೆಫೀನ್ ಇರುತ್ತದೆ, ಕುದುರೆ ಹಾಸಿದ್ದನ್ನೂ ಮೇಯುತ್ತದೆ. ಹುಲ್ಲನ್ನು ಶೆಡ್ಡಿನ ಒಳಗೇ ಇಟ್ಟು ನೋಡಿ, ಎಷ್ಟೋ ಕುದುರೆಗಳು ಅಷ್ಟಕ್ಕೇ ದಾರಿಗೆ ಬರುತ್ತವೆ.

ರಗ್ ಕೊಳ್ಳುವಾಗ ಹೊರಗಿನ ನೀರು ತಡೆಯಬೇಕು, ಒಳಗಿನ ಬೆವರಿನ ಹಬೆ ಆಚೆ ಹೋಗಬೇಕು, ಈ ಎರಡನ್ನೂ ಕೇಳಿ. ಹೊರಬಟ್ಟೆ 1200 ಡೆನಿಯರ್ (ನೂಲಿನ ದಪ್ಪದ ಅಳತೆ) ಇದ್ದರೆ ಬೇಲಿಗೆ, ಕಾಫಿ ಗಿಡಕ್ಕೆ ಸಿಕ್ಕಿ ಬೇಗ ಹರಿಯಲ್ಲ. ಟಾರ್ಪಾಲು, ಗೊಬ್ಬರದ ಚೀಲ ಹೊಲಿದು ಕಟ್ಟುವ ಐಡಿಯಾ ಮಾತ್ರ ಬೇಡವೇ ಬೇಡ. ಅದು ಮಳೆ ತಡೆದು ಬೆವರಲ್ಲಿ ನೆನೆಸುತ್ತದೆ. ಗಾಳಿಗೆ ಪಟಪಟ ಅಂದರೆ ಕುದುರೆ ಬೆದರಿ ಓಡುವುದು ಬೇರೆ.

ಒಂದಲ್ಲ, ಎರಡು ರಗ್ ಬೇಕು. ಮಲೆನಾಡಿನ ಆಷಾಢದಲ್ಲಿ ನಮ್ಮ ಬಟ್ಟೆಯೇ ಒಣಗಲ್ಲ, ಇನ್ನು ಅಷ್ಟು ದೊಡ್ಡ ರಗ್ ಒಣಗುತ್ತಾ? ಬಚ್ಚಲ ಒಲೆಯ ಬಿಸಿ ಬರುವ ಕಡೆ ಹರವಬಹುದು, ಒಲೆಗೆ ತೀರಾ ಹತ್ತಿರ ಬೇಡ, ನೀರು ತಡೆಯುವ ಲೇಪ ಹಾಳಾಗುತ್ತದೆ. ದಿನಕ್ಕೊಮ್ಮೆಯಾದರೂ ರಗ್ ಪೂರ್ತಿ ತೆಗೆದು ಮೈ ಸವರಿ ನೋಡಿ. ಭುಜದ ಹತ್ತಿರ, ಕತ್ತು ಬೆನ್ನಿಗೆ ಸೇರುವ ಉಬ್ಬಿನ ಮೇಲೆ ಉಜ್ಜಿದ ಗುರುತಿದ್ದರೆ ಅಳತೆ ಸರಿಯಿಲ್ಲ. ಹೊಟ್ಟೆಯ ಪಟ್ಟಿಯ ಅಡಿಯಲ್ಲಿ ಇಂಬಳ ಸೇರಿಕೊಂಡಿರುತ್ತವೆ, ಅದನ್ನೂ ನೋಡಿ.

ಬೆನ್ನಿನ ಮೇಲೆ ಕೂದಲು ಕುಚ್ಚು ಕುಚ್ಚಾಗಿ ಎದ್ದು ಅಡಿಯಲ್ಲಿ ಹಕ್ಕಳೆ ಕಟ್ಟಿದ್ದರೆ ಅದು ಡರ್ಮಟೋಫಿಲಸ್ ಅನ್ನುವ ಬ್ಯಾಕ್ಟೀರಿಯಾದ ಕೆಲಸ ಇರಬಹುದು. ಚರ್ಮ ಸದಾ ಒದ್ದೆಯಿದ್ದರೆ ಬರುತ್ತದೆ, ಒದ್ದೆ ರಗ್ಗಿನ ಅಡಿಯಲ್ಲಿ ಇನ್ನೂ ಹರಡುತ್ತದೆ. ಹಾಗಿದ್ದರೆ ರಗ್ ನಿಲ್ಲಿಸಿ, ಕುದುರೆಯನ್ನು ಒಣ ಜಾಗದಲ್ಲಿ ಕಟ್ಟಿ, ಹಕ್ಕಳೆಯನ್ನು ಕಿತ್ತು ರಕ್ತ ಬರಿಸದೆ ನಿಮ್ಮ ಪಶುವೈದ್ಯರನ್ನು ಕರೆಸಿ. ಆ ರಗ್ ಇನ್ನೊಂದು ಕುದುರೆಗೆ ಹಾಕಬೇಡಿ.

ಮಳೆ ಬಿಟ್ಟು ಬಿಸಿಲು ಬಂತಾ, ತಕ್ಷಣ ತೆಗೆಯಿರಿ.

ಪ್ರಶ್ನೆ: ನಾವು ಮೈಸೂರಿನವರು, ಈಗ ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿದ್ದೇವೆ. ಮಗಳಿಗಾಗಿ ಒಂದು ವೆಲ್ಶ್ ಪೋನಿಯನ್ನು ನೋಡಿಕೊಳ್ಳುತ್ತಿದ್ದೇವೆ. ದುಂಡುದುಂಡಗೆ ಇದೆ. ಅಕ್ಟೋಬರ್ ಬಂತೆಂದರೆ ಲಾಯದಲ್ಲಿ ಎಲ್ಲರೂ ದಪ್ಪ ರಗ್ ಹಾಕುತ್ತಾರೆ. ನಮ್ಮದೊಂದೇ ಬರಿಮೈಯಲ್ಲಿ ನಿಂತಿರುತ್ತದೆ. ಪಾಪ ಅನ್ನಿಸುತ್ತದೆ, ಬೇರೆಯವರ ನೋಟವೂ ಒಂಥರಾ. ಏನು ಮಾಡಲಿ?

ಬೇರೆಯವರ ನೋಟಕ್ಕೆ ಔಷಧಿ ಇಲ್ಲ. ಪೋನಿಗೆ ರಗ್ ಬೇಡ.

ವೆಲ್ಶ್ ಪೋನಿ ಅಂದರೆ ಬೆಟ್ಟದ ಮಳೆಗಾಳಿಯಲ್ಲೇ ಬೆಳೆದ ತಳಿ. ಅದರ ಚಳಿಗಾಲದ ಕೂದಲಿಗೆ ಎರಡು ಪದರ, ಮೇಲಿನ ಒರಟು ಕೂದಲಿನಿಂದ ನೀರು ಜಾರಿ ಹೋಗುತ್ತದೆ, ಒಳಗಿನ ಮೆತ್ತನೆ ಕೂದಲು ಬೆಚ್ಚಗಿಡುತ್ತದೆ. ಮಳೆಯಲ್ಲಿ ನಿಂತಿದ್ದಾಗ ಹೋಗಿ ಕೂದಲು ಬಿಡಿಸಿ ಬೆರಳಿಂದ ಚರ್ಮ ಮುಟ್ಟಿ ನೋಡಿ. ಮೇಲೆ ತೊಪ್ಪೆಯಾಗಿದ್ದರೂ ಚರ್ಮ ಒಣಗಿಯೇ ಇದ್ದರೆ ಚಿಂತೆ ಬಿಡಿ. ಕಿವಿ ತಣ್ಣಗಿದೆ ಅಂತ ತೀರ್ಮಾನಕ್ಕೆ ಬರಬೇಡಿ. ಭುಜದ ಹಿಂದೆ, ಪಕ್ಕೆಯ ಮೇಲೆ ಕೈ ಇಡಿ.

ದಪ್ಪ ರಗ್ ಹಾಕಿದರೆ ಆ ಕೂದಲು ಚಪ್ಪಟೆಯಾಗಿ ನಿಮಿರಲು ಆಗುವುದಿಲ್ಲ. ಇರುವ ಸ್ವೆಟರ್ ಕಿತ್ತು ಬೇರೆ ಕೊಟ್ಟಂತೆ. ದುಂಡಗಿರುವ ಪೋನಿಗೆ ಇನ್ನೊಂದು ತೊಂದರೆ ಇದೆ. ಚಳಿಗಾಲದಲ್ಲಿ ಅದು ಮೈಯ ಕೊಬ್ಬು ಕರಗಿಸಿ ಬಿಸಿ ಮಾಡಿಕೊಳ್ಳಬೇಕು, ವಸಂತದ ಹೊತ್ತಿಗೆ ಸ್ವಲ್ಪ ಇಳಿಯಬೇಕು. ರಗ್ಗಿನೊಳಗೆ ಬೆಚ್ಚಗೆ ನಿಂತರೆ ಇಳಿಯಲ್ಲ. ಏಪ್ರಿಲ್‌ನಲ್ಲಿ ಹೊಸ ಹುಲ್ಲು ಬಂದಾಗ ಲ್ಯಾಮಿನೈಟಿಸ್ ಅಪಾಯ, ಅಂದರೆ ಗೊರಸಿನೊಳಗಿನ ಪದರ ಊದಿಕೊಂಡು ಕಾಲೂರಲಾಗದ ನೋವು. ಅದರ ಮುಂದೆ ಮಳೆಯಲ್ಲಿ ನೆನೆಯುವುದು ಏನೇನೂ ಅಲ್ಲ.

ಕುದುರೆಯನ್ನೇ ಕೇಳಿದರೆ ಹೇಗೆ ಅಂತ ನಾರ್ವೆಯಲ್ಲಿ ಒಂದು ಪ್ರಯೋಗ ಮಾಡಿದರು, 2016ರಲ್ಲಿ ಪ್ರಕಟವಾಯಿತು. 23 ಕುದುರೆಗಳಿಗೆ ಮೂರು ಹಲಗೆಗಳ ಗುರುತು ಕಲಿಸಿದರು. ಅಡ್ಡಗೆರೆ ಇದ್ದರೆ ರಗ್ ಹಾಕಿ, ಉದ್ದಗೆರೆ ಇದ್ದರೆ ತೆಗೆಯಿರಿ, ಖಾಲಿ ಇದ್ದರೆ ಹೀಗೇ ಇರಲಿ. ಎರಡು ವಾರದಲ್ಲಿ ಎಲ್ಲವೂ ಕಲಿತವು! ಹವೆ ಚೆನ್ನಾಗಿದ್ದ ದಿನ ಬರಿಮೈಯೇ ಬೇಕೆಂದವು, ಮಳೆ, ಗಾಳಿ, ಚಳಿ ಸೇರಿದ ದಿನ ರಗ್ ಕೇಳಿದವು. ಅಂದರೆ ಅಕ್ಟೋಬರ್ ಬಂತು ಅಂತ ಯಾವ ಕುದುರೆಯೂ ರಗ್ ಕೇಳುವುದಿಲ್ಲ, ಆ ದಿನದ ಹವೆ ನೋಡಿ ಕೇಳುತ್ತದೆ.

ಹಾಗಾಗಿ ನಿಮ್ಮ ಪೋನಿಯನ್ನೂ ದಿನದ ಲೆಕ್ಕದಲ್ಲಿ ನೋಡಿ. 3 ಡಿಗ್ರಿಯಲ್ಲಿ ಅರ್ಧ ಮಳೆ ಅರ್ಧ ಹಿಮ ರಾತ್ರಿಯಿಡೀ ಸುರಿದು, ಬಯಲಲ್ಲಿ ಮರ, ಗೋಡೆ, ಶೆಡ್ ಏನೂ ಇಲ್ಲದೆ, ಪೋನಿ ಬಾಲ ಒತ್ತಿಕೊಂಡು ಗಾಳಿಗೆ ಬೆನ್ನು ಮಾಡಿ ಮುದುರಿ ನಿಂತು ನಡುಗುತ್ತಿದ್ದರೆ ತೆಳು ರಗ್ ಹಾಕಿ, ಮಾರನೇ ದಿನ ತೆಗೆಯಿರಿ. ಇನ್ನು ಮಗಳು ಸವಾರಿಗೆಂದು ಅದರ ಕೂದಲು ಕತ್ತರಿಸಿದರೆ ಕಥೆಯೇ ಬೇರೆ. ಕತ್ತರಿಸಿದ ಕುದುರೆಗೆ ರಗ್ ಬೇಕೇ ಬೇಕು. ಸುಮ್ನೆ ಚಂದಕ್ಕೆ ಕತ್ತರಿಸಬೇಡಿ.

ಪ್ರಶ್ನೆ: ಬೆಂಗಳೂರಿನ ರೈಡಿಂಗ್ ಸ್ಕೂಲಿನಲ್ಲಿ ನನ್ನದೊಂದು ಕುದುರೆ ಇಟ್ಟಿದ್ದೇನೆ. ಡಿಸೆಂಬರಿನಲ್ಲಿ 14–15 ಡಿಗ್ರಿಗೆ ಇಳಿಯುತ್ತದೆ. ಕಂಬಳಿ ಬೇಕಾ?

ಬೇಡ. ಒಣ ಲಾಯ, ಒಣ ಚಳಿ, ಕುದುರೆಗೆ ಅದು ಹಬ್ಬ. ಸ್ವೆಟರ್ ಬೇಕಾಗಿರುವುದು ನಿಮಗೆ. ಸಂಜೆ ಕೆಲಸ ಮುಗಿಸಿ ಬೆವರಿದ್ದರೆ, ಸ್ನಾನ ಮಾಡಿಸಿದ್ದರೆ ಒಣಗುವವರೆಗೆ ಒಂದು ಉಣ್ಣೆ ಹೊದಿಕೆ ಹಾಕಿ ನಡೆಸಿ, ಆಮೇಲೆ ತೆಗೆದುಬಿಡಿ.

ಪ್ರಶ್ನೆ: ಚಳಿಗೆ ಹುರುಳಿ ಬೇಯಿಸಿ ಜಾಸ್ತಿ ಕೊಟ್ಟರೆ ಮೈ ಬಿಸಿ ಇರುತ್ತೆ, ರಗ್ಗೇ ಬೇಡ ಅಂತ ಕುದುರೆ ನೋಡಿಕೊಳ್ಳುವ ನಮ್ಮ ಸೈಸ್ ಹೇಳುತ್ತಾನೆ. ನಿಜಾನಾ?

ಅರ್ಧ ನಿಜ. ಹುರುಳಿ ಒಳ್ಳೆಯ ಆಹಾರವೇ, ನಮ್ಮಲ್ಲಿ ಕುದುರೆಗೆ ಅದನ್ನು ಕೊಡುವುದು ಇವತ್ತು ನಿನ್ನೆಯದಲ್ಲ, ಹಳೆಯ ಪದ್ಧತಿ. ಆದರೆ ಗಂಟೆಗಟ್ಟಲೆ ಮೈ ಬಿಸಿ ಇಡುವುದು ಒಣಹುಲ್ಲು. ಕುದುರೆಯ ಹಿಂಗರುಳಿನಲ್ಲಿ ಹುಲ್ಲಿನ ನಾರು ಹುದುಗು ಬರುತ್ತಾ ಹೋಗುತ್ತದೆ, ಆ ಹುದುಗಿನಿಂದ ಬಿಸಿ ಹುಟ್ಟುತ್ತಲೇ ಇರುತ್ತದೆ. 450 ಕಿಲೋ ತೂಗುವ ಕುದುರೆಗೆ ದಿನಕ್ಕೆ 7ರಿಂದ 9 ಕಿಲೋ ಒಣಹುಲ್ಲು ಬೇಕು, ಥಂಡಿ ಮಳೆಯ ದಿನ ಇನ್ನೊಂದಿಷ್ಟು ಜಾಸ್ತಿ ಹಾಕಿ, ಮುಖ್ಯವಾಗಿ ರಾತ್ರಿ ಹೊತ್ತು. ಹುರುಳಿಯನ್ನು ಏಕಾಏಕಿ ಹೆಚ್ಚಿಸಿದರೆ ಹೊಟ್ಟೆಶೂಲೆ ಬರಬಹುದು. ಮತ್ತೆ ಮಳೆಗಾಲದಲ್ಲಿ ಬೂಸ್ಟು ಹಿಡಿದ ಹುಲ್ಲು ಕೊಡಲೇಬೇಡಿ. ಹಸು ಹೇಗೋ ಸುಧಾರಿಸಿಕೊಳ್ಳಬಹುದು, ಕುದುರೆಗೆ ಆಗುವುದಿಲ್ಲ.

ಪ್ರಶ್ನೆ: ಊಟಿಯಲ್ಲಿ ಪ್ರವಾಸಿಗರಿಗೆ ಸವಾರಿ ಮಾಡಿಸಿ ಬದುಕುವವನು ನಾನು, ಎರಡು ಕುದುರೆ ಇವೆ. ಮಳೆಯಲ್ಲಿ ತೋಯ್ದು ಸಂಜೆ ಮನೆಗೆ ಬರುತ್ತವೆ. ರಗ್ ಕೊಳ್ಳುವಷ್ಟು ದುಡ್ಡಿಲ್ಲ ಸಾರ್. ಹಳೇ ಕಂಬಳಿ, ಗೋಣಿಚೀಲ ಇವೆ. ಸಾಕಾ?

ಧಾರಾಳವಾಗಿ ಸಾಕು ಅಣ್ಣ. ನಿಮಗೆ ಬೇಕಿರುವುದು ಮಳೆ ತಡೆಯುವ ರಗ್ ಅಲ್ಲ, ತೋಯ್ದ ಮೈ ಒಣಗಿಸುವ ಹೊದಿಕೆ. ಅದಕ್ಕೆ ಕುರಿ ಉಣ್ಣೆಯ ಕಂಬಳಿಯೇ ಸರಿ, ಅದು ತೇವ ಎಳೆದುಕೊಂಡೂ ಬೆಚ್ಚಗಿರುತ್ತದೆ.

ಜೀನು ಇಳಿಸಿದ ಕೂಡಲೇ ಅಂಗೈ ಅಂಚಿನಿಂದ ನೀರನ್ನು ಕೆಳಕ್ಕೆ ಎಳೆದುಬಿಡಿ. ಆಮೇಲೆ ಒಣಹುಲ್ಲಿನ ಸಿಂಬೆ ಮಾಡಿ ಬೆನ್ನು, ಸೊಂಟ, ಎದೆ ಜೋರಾಗಿ ಉಜ್ಜಿ, ಕೂದಲು ಎದ್ದು ನಿಲ್ಲಬೇಕು. ಬೆನ್ನಿನ ಮೇಲೆ ಒಂದು ಹರವು ಒಣಹುಲ್ಲು ಹಾಕಿ, ಅದರ ಮೇಲೆ ಗೋಣಿ ಅಥವಾ ಕಂಬಳಿ ಹೊದಿಸಿ ಮೆತ್ತಗಿನ ಪಟ್ಟಿಯಿಂದ ಸಡಿಲವಾಗಿ ಕಟ್ಟಿ. ಹುಲ್ಲಿನ ಸಂದಿಯಲ್ಲಿ ಗಾಳಿಯಾಡಿ ಹಬೆ ಮೇಲೆ ಹೋಗುತ್ತದೆ. ಮೈ ಒಣಗಿದ ಮೇಲೆ ಒದ್ದೆ ಕಂಬಳಿ ತೆಗೆಯಬೇಕು, ರಾತ್ರಿಯಿಡೀ ಅದನ್ನೇ ಬಿಡಬಾರದು. ಈ ಕಂಬಳಿ ಹೊದಿಸಿ ಮಳೆಗೆ ಮಾತ್ರ ನಿಲ್ಲಿಸಬೇಡಿ, ನೀರು ಕುಡಿದು ಭಾರವಾಗಿ ಕುದುರೆಯನ್ನೇ ಕುಗ್ಗಿಸುತ್ತದೆ.

ನಿಮ್ಮ ಊರಲ್ಲಿ ಜನ ಹೆದರುವುದು ಡಿಸೆಂಬರ್, ಜನವರಿಯ ಮಂಜು ಹೆಪ್ಪುಗಟ್ಟುವ ರಾತ್ರಿಗೆ. ಕುದುರೆಗೆ ಅದಕ್ಕಿಂತ ಕಷ್ಟ ಅಕ್ಟೋಬರ್, ನವೆಂಬರಿನ ಥಂಡಿ ಮಳೆ. ಆಗ ಸವಾರಿ ಇಲ್ಲದ ಹೊತ್ತಲ್ಲಿ ಬಯಲಲ್ಲಿ ಕಾಯಿಸದೆ ಯಾವುದಾದರೂ ಮರೆಯಲ್ಲಿ ನಿಲ್ಲಿಸಿ. ಜೀನಿನ ಅಡಿಯ ಬಟ್ಟೆ ಎರಡು ಜೊತೆ ಇಟ್ಟುಕೊಳ್ಳಿ. ಒದ್ದೆ ಬಟ್ಟೆಯ ಮೇಲೆ ಜೀನು ಬಿಗಿದು ಪ್ರವಾಸಿಗರನ್ನು ಕೂರಿಸಿದರೆ ಬೆನ್ನು ಹುಣ್ಣಾಗುತ್ತದೆ, ಹುಣ್ಣು ಮಾಯುವ ತನಕ ನಿಮ್ಮ ದುಡಿಮೆಯೂ ನಿಲ್ಲುತ್ತದೆ. ಈಗಾಗಲೇ ಹುಣ್ಣಿದ್ದರೆ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಇವತ್ತೇ ತೋರಿಸಿ.