ನಾಯಿಗೆ ಕೆಂಪು ಚೆಂಡು ಯಾಕ ಸಿಗವಲ್ದು, ನಮ್ಮ ಗೋವಾದ ನೆಲಕ್ಕ ಯಾವ ಬಣ್ಣ ಛಲೋ

ಅಕ್ಕಾರ, ನಿಮ್ಮ ಲ್ಯಾಬ್ (ಲ್ಯಾಬ್ರಡಾರ್ ನಾಯಿ) ಕೆಂಪು ಚೆಂಡಿನ ಹಿಂದ ಜೋರಾಗಿ ಓಡ್ತದ, ಆದ್ರ ಚೆಂಡು ಹುಲ್ಲಾಗ ನಿಂತ ಮ್ಯಾಲೆ ಎದುರಿಗೇ ಇದ್ರೂ ಸುತ್ತ ಮೂಸ್ಕೋತ ತಿರಗತದ, ಕಣ್ಣಿಗೆ ಏನರ ಆಗ್ಯದೇನು ಅಂತ ಕೇಳೀರಿ. ನನಗನಿಸೋ ಪ್ರಕಾರ ಇದು ಕಣ್ಣಿನ ಬ್ಯಾನಿ ಅಲ್ರಿ, ಚೆಂಡಿನ ಬಣ್ಣದ್ದು. ಓಡೋ ಚೆಂಡು ಕಾಣ್ತದ, ನಿಂತದ್ದು ಕಾಣಂಗಿಲ್ಲ ಅಂತ ನೀವ ಬರದೀರಲ್ಲ, ಅದರಾಗ ಅರ್ಧ ಉತ್ತರ ಅದ.

ನಾಯಿಗೆ ಎಲ್ಲಾ ಕಪ್ಪು ಬಿಳಿ ಕಾಣ್ತದ ಅಂತ ಕೆಲವರು ಅಂತಾರ, ಅದು ಹಳೇ ಮಾತು. ನಮ್ಮ ಕಣ್ಣಾಗ ಬಣ್ಣ ಗುರ್ತು ಹಿಡಿಯೋ ಕೋಶ ಮೂರು ನಮೂನಿ, ನಾಯಿಗೆ ಎರಡ ನಮೂನಿ, ಒಂದು 429 ನ್ಯಾನೋಮೀಟರ್ (ಬೆಳಕಿನ ಅಲೆಯ ಉದ್ದದ ಅಳತಿ) ಹತ್ರದ್ದು ನೀಲಿ ಕಡೆ, ಇನ್ನೊಂದು 555ರ ಹತ್ರದ್ದು ಹಳದಿ-ಹಸಿರು ಕಡೆ. 1989ರಾಗ ಅಮೆರಿಕಾದ ಸಾಂತಾ ಬಾರ್ಬರಾದಾಗ ವಿಜ್ಞಾನಿ ಜೇ ನೈಟ್ಜ್ ಮತ್ತ ಅವರ ಜೋಡಿಯವರು ನಾಯಿಗಳ ಮುಂದ ಮೂರು ಬೆಳಕಿನ ಫಲಕ ಇಟ್ಟು, ಬ್ಯಾರೆ ಬಣ್ಣದ್ದನ್ನ ಆರಿಸಿದ್ರ ತಿನ್ನಾಕ ಕೊಟ್ಟು ಇದನ್ನ ತೋರಿಸಿದ್ರು. ಹಿಂಗಾಗಿ ನೀಲಿ ಛಂದ ಕಾಣ್ತದ, ಹಳದಿನೂ ಕಾಣ್ತದ, ಆದ್ರ ಹಸಿರು, ಕಿತ್ತಳೆ, ಕೆಂಪು ಎಲ್ಲಾ ಒಂದ ಮಂಕು ಹಳದಿ-ಕಂದು ಬಳಗಕ್ಕ ಸೇರ್ತಾವ, ಕಡು ಕೆಂಪಂತೂ ಮತ್ತಷ್ಟು ಕಪ್ಪಗ ಆಗ್ತದ. ಹಸಿರು ಹುಲ್ಲಾಗ ನಮಗ ಎದ್ದು ಕಾಣೋ ಕೆಂಪು ಚೆಂಡು ನಾಯಿಗೆ ಹುಲ್ಲಿನ ಬುಡದಾಗಿನ ನೆರಳಿನಂಗ ಇರ್ತದ.

ಹಂಗಂತ ನೀಲಿ ತಗೋರಿ ಅಂತ ಹೇಳಿ ಬಿಟ್ರ ಸಾಕಾಗೂದಿಲ್ಲ, ಯಾವ ನೆಲದ ಮ್ಯಾಲೆ ಆಡಿಸ್ತೀರಿ ಅನ್ನೋದು ನೋಡ್ಬೇಕು. ನಮ್ಮ ಕಡೆ ಮಳಿಗಾಲದಾಗ ಎಲ್ಲಾ ಹಸಿರು, ಫೆಬ್ರವರಿ ಮಾರ್ಚ್ ಬಂತಂದ್ರ ಅದ ಹುಲ್ಲು ಒಣಗಿ ಹಳದಿ, ಹುಲ್ಲಿಲ್ಲದ ಕಡೆ ಜಂಬಿಟ್ಟಿಗೆಯ ಕೆಂಪು ಮಣ್ಣು, ಬೀಚಿಗೆ ಹೋದ್ರ ಮರಳು. ನಾಯಿ ಕಣ್ಣಿಂದ ನೋಡಿದ್ರ ಇವೆಲ್ಲಾ ಹಳದಿ-ಕಂದು ಕಡೇನ ಬರ್ತಾವ, ಅದಕ್ಕ ಗೋವಾದಾಗ ನೆಲದ ಮ್ಯಾಲೆ ಗಟ್ಟಿ ನೀಲಿ ಬಣ್ಣಕ್ಕ ಸಾಟಿ ಇಲ್ಲ. ಹಳದಿ ಟೆನಿಸ್ ಚೆಂಡು ಎಲ್ಲಾ ಅಂಗಡಿಯೊಳಗ ಸಿಗತದ ಖರೆ, ಆದ್ರ ಅದು 1972ರಾಗ ಟಿವಿ ನೋಡೋ ಮನಷ್ಯಾರ ಕಣ್ಣಿಗೆ ಅಂತ ಬಂದ ಬಣ್ಣ, ಬೋಗ್ಮಾಳೋ ಬೀಚಿನ ಮರಳಿನಾಗ ಅದು ಅರ್ಧ ಹುಗಿದು ಕುಂತ್ರ ನಾಯಿ ಅದರ ಮ್ಯಾಲೇ ಹಾದು ಹೋಗತದ. ನೀರಿನಾಗ ಮಾತ್ರ ಲೆಕ್ಕ ತಿರುವು ಮುರುವು, ಅಲ್ಲಿ ಹಳದಿ ಇಲ್ಲಾ ಬಿಳಿ ತೇಲೋ ಆಟಿಕೆ ಛಲೋ. ಜೂನ್‌ದಿಂದ ಸೆಪ್ಟೆಂಬರ್ ತನಕ ಸಮುದ್ರಕ್ಕ ಏನೂ ಒಗೀಬ್ಯಾಡ್ರಿ, ಲ್ಯಾಬ್ ಚೆಂಡು ಬಿಟ್ಟು ವಾಪಸ್ ಬರೋ ಜಾತಿ ಅಲ್ಲ.

ಇನ್ನ ಓಡೋದು ನಿಂತದ್ದರ ವಿಷಯ. ನಾಯಿಗೆ ಚಲನೆ ಬಹಳ ಚುರುಕಾಗಿ ಕಾಣ್ತದ, ಆದ್ರ ಸ್ಪಷ್ಟತೆ ನಮಗಿಂತ ಕಡಿಮಿ, ನಮಗ 75 ಅಡಿ ದೂರದಿಂದ ನಿಚ್ಚಳ ಕಾಣೋದು ಅದಕ್ಕ 20 ಅಡಿ ಹತ್ರ ಬಂದ್ರ ಕಾಣೋದು ಅಂತ ಅಂದಾಜು ಹೇಳ್ತಾರ. ಅದಕ್ಕ ಚೆಂಡನ್ನ ಆಕಾಶಕ್ಕ ಎತ್ತಿ ಒಗಿಯೋಕಿಂತ ನೆಲಕ್ಕ ಉರುಳಸ್ರಿ, ಅಡ್ಡಾದಿಡ್ಡಿ ಪುಟಿಯೋ ಆಟಿಕೆ ಕೊಡ್ರಿ. ಕಡೀಕ ಸಿಗದಿದ್ರ ಮೂಗು ಅದನಲ್ಲ, ಮೂಸಿ ಹುಡಕೋದೂ ನಾಯಿಗೆ ಆಟಾನ, ನೀವು ಓಡಿ ಹೋಗಿ ಬೆರಳು ಮಾಡಿ ತೋರಸಬ್ಯಾಡ್ರಿ, ಹುಡಕಲಿ ಬಿಡ್ರಿ.

ಬಣ್ಣಕ್ಕಿಂತ ಮೊದಲು ಸೈಜ್ ನೋಡ್ರಿ, ಇದು ಭಾಳ ಜನ ಬಿಡ್ತಾರ. ಲ್ಯಾಬ್ ಬಾಯಿ ದೊಡ್ಡದು, ಚೆಂಡು ಹಿಂದಿನ ಹಲ್ಲು ದಾಟಿ ಗಂಟಲಿಗೆ ಹೋಗೋವಷ್ಟು ಸಣ್ಣದಿದ್ರ ಉಸಿರು ಕಟ್ಟತದ, ಒದ್ದಿ ಆಗಿ ಜಾರೋ ಚೆಂಡಂತೂ ಇನ್ನೂ ಅಪಾಯ. ಟೆನಿಸ್ ಚೆಂಡಿನ ಮ್ಯಾಲಿನ ಉಣ್ಣೆ ಬಟ್ಟಿಯೊಳಗ ಮರಳು ತುಂಬಿದ್ರ ಅದು ಉಪ್ಪಕಾಗದ ಆದಂಗ, ದಿನಾ ಜಗಿದ್ರ ಹಲ್ಲು ಸವೀತಾವ, ಹಂಗಾಗಿ ಬೀಚಿಗೆ ರಬ್ಬರ್ ಚೆಂಡ ಒಯ್ರಿ. ಹಗ್ಗದ ಆಟಿಕೆ ಎಳದಾಡಾಕ ಛಲೋ, ಆದ್ರ ನೀವು ಒಂದು ತುದಿ ಹಿಡಿದಿದ್ದಾಗ ಮಾತ್ರ, ಒಬ್ಬಂಟಿ ಬಿಟ್ರ ಎಳಿ ಕಿತ್ತು ನುಂಗತಾವ, ಆ ದಾರ ಕರಳಿಗೆ ಸುತ್ತಿದ್ರ ಆಪರೇಷನ್ನ ಗತಿ. ನಮ್ಮ ಕಡೆ ತೆಂಗಿನಕಾಯಿ ಸಿಪ್ಪಿ ಪುಕ್ಕಟ ಸಿಗತದ ಅಂತ ಜಗಿಯಾಕ ಕೊಡೋರು ಅದಾರ, ಆ ನಾರೂ ಹಂಗ, ಕೊಡಬ್ಯಾಡ್ರಿ. ಲೇಸರ್ ಲೈಟ್ ಬ್ಯಾಡೇ ಬ್ಯಾಡ, ಹಿಡಿಯಾಕ ಏನೂ ಸಿಗದ ನಾಯಿ ತಲಿ ಕೆಡಿಸ್ಕೋತದ, ಆಮ್ಯಾಲೆ ಗ್ವಾಡಿ ಮ್ಯಾಲಿನ ನೆರಳಿನ ಹಿಂದೂ ಓಡಾಕ ಶುರು ಮಾಡ್ತದ, ಪಾಪ.

ಕೆಂಪು ಚೆಂಡನ್ನ ಮನಿಯೊಳಗ ಬಿಳಿ ಟೈಲ್ಸ್ ಮ್ಯಾಲೆ ಆಡಸ್ರಿ, ಅಲ್ಲಿ ಕಪ್ಪಗ ಕಂಡ್ರೂ ಎದ್ದು ಕಾಣ್ತದ. ಹೊರಗ ಅದ ಸೈಜಿನ ನೀಲಿ ಚೆಂಡು ತಗೊಂಡು, ಅದ ಜಾಗಾದಾಗ, ಅದ ಹೊತ್ತಿನಾಗ ಒಗದು ನೋಡ್ರಿ, ಲಗೂನ ಸಿಕ್ರ ಬಣ್ಣದ್ದ ಕಥಿ.

ನಾಯಿಗೆ ಆ ನೀಲಿ ಚೆಂಡೂ ಸಿಗಲಿಲ್ಲಂದ್ರ ಮನಿಯಾಗ ಒಂದು ಕೆಲಸ ಮಾಡ್ರಿ, ಸಣ್ಣ ಹತ್ತಿ ಉಂಡಿ ಮಾಡಿ ಅದರ ಮುಖದ ಮುಂದ ಮ್ಯಾಲಿಂದ ಸುಮ್ನ ಬಿಡ್ರಿ. ಹತ್ತಿ ಸಪ್ಪಳ ಮಾಡೂದಿಲ್ಲ, ವಾಸನಿನೂ ಅಷ್ಟ ಇರೂದಿಲ್ಲ, ಹಿಂಗಾಗಿ ನೋಟ ಅದರ ಜೋಡಿ ಕೆಳಗ ಇಳದ್ರ ಕಣ್ಣು ಕೆಲಸ ಮಾಡಾಕತ್ತಾವ ಅಂತ, ಡಾಕ್ಟರೂ ಇದನ್ನ ಮಾಡ್ತಾರ. ಇಷ್ಟ ಮಾಡಿ ಸುಮ್ನ ಕೂಡಬ್ಯಾಡ್ರಿ, ಸಂಜಿ ಕತ್ತಲಾದ ಮ್ಯಾಲೆ ಮೆಟ್ಟಲಾ ಇಳಿಯಾಕ ಹಿಂಜರೀತದೇನು, ಕುರ್ಚಿ ಜಾಗಾ ಬದಲು ಮಾಡಿದ್ರ ಡಿಕ್ಕಿ ಹೊಡೀತದೇನು, ಕಣ್ಣಾಗ ಬೆಳ್ಳಗ ಮಬ್ಬು ಅದನೇನು ನೋಡ್ರಿ. ಲ್ಯಾಬ್‌ಗಳಿಗೆ ರೆಟಿನಾ (ಕಣ್ಣಿನ ಒಳಗ ಹಿಂದಿರೋ ಪರದಿ) ಸವಿಯೋ ಒಂದು ಆನುವಂಶಿಕ ರೋಗ ಬರ್ತದ, ಅದು ಮೊದಲು ರಾತ್ರಿ ನೋಟದಿಂದ ಶುರು ಆಗ್ತದ, ಹಗಲು ಎಲ್ಲಾ ಸರಿನ ಇರ್ತದ. ಇದರಾಗ ಒಂದು ಕಂಡ್ರೂ ಆಟಿಕೆ ವಿಚಾರ ಬಿಟ್ಟು ಮೊದಲು ಡಾಕ್ಟರ್ ಕಡೆ ಕರ್ಕೊಂಡು ಹೋಗ್ರಿ, ಸಂಜಿಮುಂದ ಅದು ನಡಿಯೋದನ್ನ ಫೋನಿನಾಗ ವಿಡಿಯೋ ಮಾಡ್ಕೊಂಡು ಒಯ್ರಿ, ಕ್ಲಿನಿಕ್ಕಿನ ಲೈಟಿನಾಗ ಆ ಹಿಂಜರಿಯೋದು ಗೊತ್ತಾಗೂದಿಲ್ಲ.