ಖುಷಿ ಅಂದ್ರ ಎಲ್ಲಾರಿಗೂ ಒಂದೇ ಏನ್ರೀ?

ಒಂದೇ ಅಲ್ರೀ. ನಮ್ಮ ಕಲಬುರಗಿ ಕಡಿ ತೊಗರಿ ಹಾಕಿದ ರೈತಗ ಕೇಳ್ರಿ, ಹೂ ಬಿಟ್ಟಾಗ ಮೋಡ ಮುಚ್ಚಿ ಹೂ ಉದುರಲಿಲ್ಲ, ಕಾಯಿಗಿ ಹುಳ ಬೀಳಲಿಲ್ಲ ಅಂದ್ರ ಅದೇ ಅವನ ಖುಷಿ. ನಮ್ಮವ್ವಗ ಹಂಗಲ್ಲ, ಪುಣೆದಾಗ ದುಡಿಯೋ ನನ್ನ ತಮ್ಮ, ಶರಣಬಸವೇಶ್ವರ ಜಾತ್ರಿಗಿ ಬಂದು, ಬಿಸಿ ಜೋಳದ ರೊಟ್ಟಿಗಿ ಪುಂಡಿಪಲ್ಯ ಹಚ್ಕೊಂಡು "ಅವ್ವಾ ಇನ್ನೊಂದು ಹಾಕು" ಅಂದ್ರ ಸಾಕು, ಒಲಿ ಮುಂದ ಬೆವರು ಒರಸ್ಕೋತ ನಗ್ತಾಳ, ತಾ ಉಂಡಿಲ್ಲ ಅನ್ನೋದೇ ಮರೀತಾಳ. ಅಮೆರಿಕದ ಹಾರ್ವರ್ಡ್‌ ವಿಶ್ವವಿದ್ಯಾಲಯದಾಗ 1938ರಿಂದ ನೂರಾರು ಮಂದಿ ಜೀವನ ನೋಡ್ಕೋತ ಬಂದಾರ, ಅದ್ರಾಗೂ ರೊಕ್ಕ, ಹೆಸರಿಗಿಂತ ಹತ್ತಿರದವರ ಜೋಡಿ ಸಂಬಂಧ ಚಲೋ ಇದ್ದವರೇ ಹೆಚ್ಚು ಖುಷಿಯಾಗಿದ್ರು ಅಂತ ಕಂಡದ. ರೊಕ್ಕ ಬ್ಯಾಡ ಅಂತ ನಾ ಅನ್ನಲ್ಲ, ಸಾಲ ಇದ್ದವನಿಗಿ ಕಡೀ ಕಂತು ಕಟ್ಟಿದ ದಿನಾನೇ ದೊಡ್ಡ ಹಬ್ಬ, ಆ ರಾತ್ರಿ ನಿದ್ದಿನೂ ಚಲೋ ಹತ್ತತದ.