ಲೌವರ್ಸ್‌ಮೇರ್: ಉಪ್ಪು ಎಲ್ಲಿಗೆ ಹೋಯಿತು?

ಲೌವರ್ಸ್‌ಮೇರ್ ಎಂಬುದು ನೆದರ್ಲೆಂಡ್ಸ್‌ನ ಉತ್ತರದಲ್ಲಿ ಕಡಲ ಕೊಲ್ಲಿಗೆ ಕಟ್ಟೆ ಹಾಕಿದ್ದರಿಂದ ಆದ ಕೆರೆ. ಕಟ್ಟೆ ಹಾಕಿದ ಮೇಲೆ ಅಲ್ಲಿನ ಉಪ್ಪು ಎಲ್ಲಿ ಹೋಯಿತು, ಹಕ್ಕಿಗಳನ್ನು ತಂದು ಬಿಟ್ಟರೇ ಎಂದು ಕೇಳಿದ್ದೀರಿ. ಇಲ್ಲ, ಅವು ತಾವಾಗಿಯೇ ಬಂದವು. 1953ರ ಭೀಕರ ನೆರೆಯ ನಂತರ, ನೆದರ್ಲೆಂಡ್ಸ್‌ನವರು ಸುಮಾರು 13 ಕಿ.ಮೀ. ಕಟ್ಟೆಯಿಂದ ಈ ಕೊಲ್ಲಿಯನ್ನು 1969ರ ಮೇ 25ರಂದು ಮುಚ್ಚಿದರು. ಉಬ್ಬರವಿಳಿತ ನಿಂತು ಮರಳುದಿಣ್ಣೆಗಳು ಮೇಲೆದ್ದವು. ನದಿ, ಕಾಲುವೆಗಳ ಸಿಹಿನೀರು ಕೆರೆಯ ಉಪ್ಪನ್ನೂ ಮಳೆ ನೆಲದ ಉಪ್ಪನ್ನೂ ತೊಳೆದವು. ಹೆಚ್ಚಾದ ನೀರು ಇಳಿತದ ಹೊತ್ತಿನಲ್ಲಿ ತೂಬುಗಳ ಮೂಲಕ ಕಡಲಿಗೆ ಹೋಗುತ್ತದೆ. ಮೊದಲು ಉಪ್ಪು ತಾಳುವ ಗಿಡಗಳು, ಆಮೇಲೆ ಹುಲ್ಲು, ಜೊಂಡು. ಈಗ ಹೆಬ್ಬಾತುಗಳ ದಂಡು, ಬಿಳಿಬಾಲದ ಕಡಲ ಹದ್ದು, ನಮ್ಮ ರಂಗನತಿಟ್ಟಿನಲ್ಲೂ ಕಾಣುವ ಚಮಚಕೊಕ್ಕು!

ನಿಜವಾದ ತೊಡಕು ಬೇರೆ. ನೀರಿನ ಮಟ್ಟ ಹೆಚ್ಚು ಏರಿಳಿಯದಿದ್ದರೆ ಜೊಂಡು ಸೊರಗಿ, ವಿಲ್ಲೋ ಎಂಬ ಮರದ ಪೊದೆ ಬಯಲನ್ನು ನುಂಗುತ್ತದೆ. ಅದಕ್ಕೇ ಅಲ್ಲಿ ಕುದುರೆ, ದನಗಳನ್ನು ಮೇಯಲು ಬಿಟ್ಟಿದ್ದಾರೆ.